ಕಾಯಿಲ್, ಮೋಟರ್, ಕೇಬಲ್: ಓದುಗರ ಕರೆಂಟ್ ಲೆಕ್ಕ

ಈ ಸಲ ಬಂದ ಪತ್ರಗಳದ್ದು ಹೆಚ್ಚುಕಡಿಮೆ ಒಂದೇ ದೂರು: ಸೂತ್ರ ಗೊತ್ತಿದೆ, ಮೀಟರ್ ಕೈಯಲ್ಲಿದೆ, ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ. ಕೆಳಗಿನ ಉತ್ತರಗಳಿಗೆ ಬೇಕಾದ ಸೂತ್ರಗಳು ನಾಲ್ಕೇ. ವೋಲ್ಟ್ ÷ ಆಂಪ್ = ಓಮ್. ವೋಲ್ಟ್ × ಆಂಪ್ = ವ್ಯಾಟ್. ಇವೆರಡನ್ನು ಕೂಡಿಸಿದರೆ ಸಿಗುವ ಇನ್ನೆರಡು: ವೋಲ್ಟ್ × ವೋಲ್ಟ್ ÷ ಓಮ್ = ವ್ಯಾಟ್, ಆಂಪ್ × ಆಂಪ್ × ಓಮ್ = ವ್ಯಾಟ್. ಎಲ್ಲಿ, ಯಾವಾಗ ಅಳೆದ ಅಂಕಿಯನ್ನು ಇವುಗಳಿಗೆ ಹಾಕುತ್ತೀರಿ ಎಂಬಲ್ಲೇ ಬಹುಪಾಲು ತಪ್ಪು ಆಗುತ್ತಿರುವುದು.

ಪ್ರಶ್ನೆ: ನೀರು ಕಾಯಿಸುವ 1500 ವ್ಯಾಟ್ ಕಾಯಿಲ್ ಮೊದಲು ಒಂದು ಬಕೆಟ್ ನೀರನ್ನು ಇಪ್ಪತ್ತು ನಿಮಿಷದಲ್ಲಿ ಕಾಯಿಸುತ್ತಿತ್ತು. ಈಗ ಅರ್ಧ ಗಂಟೆ ಬೇಕು. ಮೀಟರ್ ಹಿಡಿದರೆ 35 ಓಮ್ ತೋರಿಸುತ್ತದೆ. ಅಂಗಡಿಯವರು ಬಿಳಿ ಪಾಚಿ ಕಟ್ಟಿ ಕಾಯಿಲ್ ವೀಕ್ ಆಗಿದೆ, ಹೊಸದು ಹಾಕಿ ಎನ್ನುತ್ತಾರೆ.
— ಹಾನಗಲ್‌ನ ಓದುಗರು

ಉತ್ತರ: ಹೊಸ ಕಾಯಿಲ್ ತರಬೇಡಿ, ಇರುವುದೇ ಚೆನ್ನಾಗಿದೆ. 230 ವೋಲ್ಟ್, 1500 ವ್ಯಾಟ್ ಎಂದು ಬರೆದ ಕಾಯಿಲ್‌ಗೆ 230 × 230 ÷ 1500 = 35.3 ಓಮ್ ಇರಬೇಕು. ನಿಮಗೆ ಅಷ್ಟೇ ಸಿಕ್ಕಿದೆ. ಒಳಗಿರುವ ನೈಕ್ರೋಮ್ ತಂತಿಯ ರೆಸಿಸ್ಟೆನ್ಸ್ ಕಾದಾಗಲೂ ಶೇಕಡಾ ಕೆಲವೇ ಪಾಲು ಏರುತ್ತದೆ. ಆದ್ದರಿಂದ ತಣ್ಣಗಿರುವಾಗ ಅಳೆದ ಅಂಕಿಯನ್ನೇ ನೆಚ್ಚಿಕೊಳ್ಳಬಹುದು. ಬಿಳಿ ಸುಣ್ಣದ ಪದರ ಕಟ್ಟಿದರೆ ಕಾಯಿಲ್ ಒಳಗೊಳಗೇ ಹೆಚ್ಚು ಬಿಸಿಯಾಗಿ ಬೇಗ ಸುಟ್ಟುಹೋಗುತ್ತದೆ, ಅದು ನಿಜ. ಆದರೆ ವ್ಯಾಟ್ ಕಡಿಮೆಯಾಗುವುದಿಲ್ಲ. ನೀರಿನಲ್ಲಿ ಮುಳುಗಿರುವ ಕಾಯಿಲ್‌ನ ಬಿಸಿ ನೀರಿಗಲ್ಲದೆ ಇನ್ನೆಲ್ಲಿಗೆ ಹೋದೀತು?

ಹಾಗಾದರೆ ಕಡಿಮೆಯಾಗಿರುವುದು ವೋಲ್ಟೇಜ್. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ತರಲು 20 × 20 × 4.186 = 1674 ಕಿಲೋಜೂಲ್ ಬೇಕು (ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೂಲ್). 1500 ವ್ಯಾಟ್ (ಸೆಕೆಂಡಿಗೆ 1.5 ಕಿಲೋಜೂಲ್) ಆದರೆ 1116 ಸೆಕೆಂಡ್, ಅಂದರೆ ಹತ್ತೊಂಬತ್ತು ನಿಮಿಷದೊಳಗೆ ಆಗುತ್ತದೆ. ವೋಲ್ಟೇಜ್ 190ಕ್ಕೆ ಇಳಿದರೆ 190 × 190 ÷ 35.3 = ಸುಮಾರು 1023 ವ್ಯಾಟ್. ವೋಲ್ಟೇಜ್ ಶೇ. 17ರಷ್ಟು ಇಳಿದರೂ ಬಿಸಿ ಶೇ. 32ರಷ್ಟು ಇಳಿಯಿತು, ಏಕೆಂದರೆ ವೋಲ್ಟ್ ಎರಡು ಸಲ ಗುಣಿಸಲ್ಪಡುತ್ತದೆ. ಅದೇ ಬಕೆಟ್‌ಗೆ ಈಗ ಇಪ್ಪತ್ತೇಳು ನಿಮಿಷ.

ಈಗ ವೋಲ್ಟೇಜನ್ನು ಎರಡು ಸಲ ನೋಡಿ. ಕಾಯಿಲ್ ಆಫ್ ಇದ್ದಾಗ ಒಮ್ಮೆ, ಕಾಯಿಲ್ ನೀರಿನಲ್ಲಿ ಮುಳುಗಿ ಓಡುತ್ತಿರುವಾಗ ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಇನ್ನೊಮ್ಮೆ. ಎರಡೂ 190 ಆಸುಪಾಸಿನಲ್ಲಿದ್ದರೆ ಲೈನ್ ವೋಲ್ಟೇಜೇ ಕಡಿಮೆ, ನಿಮ್ಮ ಮನೆಯಲ್ಲಿ ಸರಿಪಡಿಸುವಂಥದ್ದೇನೂ ಇಲ್ಲ. ಆಫ್ ಇದ್ದಾಗ 228, ಆನ್ ಮಾಡಿದೊಡನೆ 190 ಎಂದಾದರೆ ದಾರಿಯಲ್ಲಿ ಎಲ್ಲೋ ಒಂದು ಕಳ್ಳ ರೆಸಿಸ್ಟೆನ್ಸ್ ಕೂತಿದೆ. ಅದನ್ನೂ ಲೆಕ್ಕ ಹಾಕಬಹುದು: ಕರೆಂಟ್ 190 ÷ 35.3 = 5.4 ಆಂಪ್, ಕಾಣೆಯಾದ 38 ವೋಲ್ಟ್ ÷ 5.4 = 7 ಓಮ್. 1.5 ಸ್ಕ್ವೇರ್ ಎಂಎಂ ತಾಮ್ರದ ವೈರು 20 ಮೀಟರ್ ದೂರಕ್ಕೆ, ಹೋಗುವ ಬರುವ ಎರಡೂ ಎಳೆ ಸೇರಿ, ಸುಮಾರು ಅರ್ಧ ಓಮ್ ಅಷ್ಟೇ. ಆದ್ದರಿಂದ ಅದು ಒಳ್ಳೆಯ ವೈರಿನ ರೆಸಿಸ್ಟೆನ್ಸ್ ಅಲ್ಲ, ಸಡಿಲವಾದ ಜಾಯಿಂಟಿನದು ಅಥವಾ ಕಂಬದಿಂದ ಮನೆಗೆ ಬರುವ, ತುಕ್ಕು ಹಿಡಿದ ಸರ್ವಿಸ್ ವೈರಿನದು. ಆ 7 ಓಮ್‌ನಲ್ಲಿ ಸುಡುತ್ತಿರುವುದು 5.4 × 5.4 × 7 = 200 ವ್ಯಾಟ್‌ಗೂ ಹೆಚ್ಚು. ಇದು ಒಂದೇ ಸ್ವಿಚ್ಚಿನಲ್ಲಿ ಇದ್ದಿದ್ದರೆ ಅದು ಈಗಾಗಲೇ ಕರಗಿರುತ್ತಿತ್ತು. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೀಟರ್ ಬೋರ್ಡಿನಲ್ಲೂ ಇದೇ ರೀತಿ ಅಳೆಸಿ. ಅಲ್ಲೂ ಬೀಳುತ್ತಿದ್ದರೆ ತೊಂದರೆ ಕಂಬದ ಕಡೆಯದು, ಲೈನ್‌ಮನ್ ಕೆಲಸ. ಅಲ್ಲಿ ಬೀಳದೆ ಸಾಕೆಟ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ರಿಪೇರಿ ಆಗುವತನಕ ಆ ಸಾಕೆಟ್ ಬಳಸಬೇಡಿ.

ಪ್ರಶ್ನೆ: ಸೀಲಿಂಗ್ ಫ್ಯಾನಿನ ವೈಂಡಿಂಗ್ ಅಳೆದೆ, 160 ಓಮ್ ಬಂತು. 230 × 230 ÷ 160 = 330 ವ್ಯಾಟ್. ಫ್ಯಾನಿನ ಮೇಲೆ 75 ವ್ಯಾಟ್ ಎಂದಿದೆ. ಕಂಪನಿಯವರು ಸುಳ್ಳು ಬರೆದಿದ್ದಾರೆಯೇ?
— ತುಮಕೂರಿನ ಓದುಗರು

ಉತ್ತರ: ಇಲ್ಲ. ವೋಲ್ಟ್ × ವೋಲ್ಟ್ ÷ ಓಮ್ ಎಂಬುದನ್ನು ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಗೀಸರ್‌ನಂಥ ಬರೀ ಬಿಸಿ ಮಾಡುವ ಸಾಮಾನಿಗೆ ಮಾತ್ರ ಹಾಕಿ. ಫ್ಯಾನಿನ ವೈಂಡಿಂಗ್ ಕಬ್ಬಿಣದ ಸುತ್ತ ಸುತ್ತಿದ ತಂತಿ. ಎಸಿ ಕರೆಂಟ್ ಅದರಲ್ಲಿ ಹರಿಯುವಾಗ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಮ್ಮ ಮೀಟರ್ ಒಳಗಿನ ಬ್ಯಾಟರಿಯ ಡಿಸಿಯಿಂದ ಅಳೆಯುವುದರಿಂದ ಅದಕ್ಕೆ ಕಾಣುವುದು ತಾಮ್ರದ ಓಮ್ ಮಾತ್ರ. ಜೊತೆಗೆ, ಮೋಟರ್‌ಗಳಲ್ಲಿ ವೋಲ್ಟ್ × ಆಂಪ್ ಮಾಡಿದರೂ ಸಿಗುವುದು ವೋಲ್ಟ್-ಆಂಪಿಯರ್. ಅದನ್ನು ಪವರ್ ಫ್ಯಾಕ್ಟರ್‌ನಿಂದ ಗುಣಿಸಿದ ಮೇಲೆಯೇ ವ್ಯಾಟ್ (ವೋಲ್ಟ್ × ಆಂಪ್‌ನಲ್ಲಿ ನಿಜವಾಗಿ ಖರ್ಚಾಗುವ ಪಾಲೇ ಪವರ್ ಫ್ಯಾಕ್ಟರ್).

ಫ್ಯಾನ್ ನಿಜವಾಗಿ ಎಷ್ಟು ತಿನ್ನುತ್ತದೆ ಎಂದು ನೋಡಲು ಮನೆಯ ಎಲೆಕ್ಟ್ರಿಕ್ ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಎಂದು ಬರೆದಿರುತ್ತದೆ, 3200 ಎಂದಿಟ್ಟುಕೊಳ್ಳಿ. ಉಳಿದದ್ದೆಲ್ಲ ಆಫ್ ಮಾಡಿ, ಫ್ಯಾನ್ ಒಂದನ್ನೇ ಓಡಿಸಿ, ಕೆಂಪು ದೀಪದ ಹತ್ತು ಮಿಟುಕಿಗೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. 36,00,000 ÷ 3200 = 1125. ಇದನ್ನು ಒಂದು ಮಿಟುಕಿನ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್. ಹತ್ತು ಮಿಟುಕಿಗೆ 150 ಸೆಕೆಂಡ್ ಆದರೆ ಒಂದಕ್ಕೆ 15, ಫ್ಯಾನ್ 75 ವ್ಯಾಟ್. ಫ್ರಿಜ್, ವೈಫೈ, ಸ್ಟ್ಯಾಂಡ್‌ಬೈನಲ್ಲಿರುವ ಟಿವಿ ಇವನ್ನು ಪ್ಲಗ್‌ನಿಂದಲೇ ಕೀಳುವುದನ್ನು ಮರೆತರೆ ಫ್ಯಾನಿನ ಮೇಲೆ ಸುಮ್ಮನೆ ಗೂಬೆ ಕೂರಿಸಿದಂತಾಗುತ್ತದೆ.

ಹಾಗೆಂದು ನೀವು ಅಳೆದ 160 ಓಮ್ ವ್ಯರ್ಥವಲ್ಲ. ಕರೆಂಟ್ ತೆಗೆದು, ಕಂಡೆನ್ಸರ್ ಬಿಚ್ಚಿ, ಫ್ಯಾನಿನ ಮೂರು ವೈರುಗಳನ್ನು ಜೋಡಿ ಜೋಡಿಯಾಗಿ ಅಳೆಯಿರಿ. 160, 200, 360 ಎಂಬಂತೆ, ಎರಡು ಚಿಕ್ಕವುಗಳ ಮೊತ್ತಕ್ಕೆ ದೊಡ್ಡದು ಸಮ ಬಂದರೆ ವೈಂಡಿಂಗ್ ತುಂಡಾಗಿಲ್ಲ. 360 ಕೊಟ್ಟ ಜೋಡಿಯಲ್ಲಿ ಸೇರದ ಮೂರನೆಯ ವೈರೇ ಕಾಮನ್. ಕಂಡೆನ್ಸರ್ ಆ 360ರ ಜೋಡಿಯ ನಡುವೆ ಬರುತ್ತದೆ.

ಪ್ರಶ್ನೆ: ಮಲ್ಟಿಮೀಟರ್‌ನ 10 ಆಂಪ್ ತೂತಿಗೆ ಕೆಂಪು ವೈರು ಹಾಕಿ ಸಾಕೆಟ್‌ನಲ್ಲಿ ಎಷ್ಟು ಕರೆಂಟ್ ಇದೆ ಎಂದು ನೋಡಲು ಹೋದಾಗ ಢಂ ಎಂದಿತು. ಯಾಕೆ?
— ಗದಗಿನ ಐಟಿಐ ವಿದ್ಯಾರ್ಥಿ

ಉತ್ತರ: ಸಾಕೆಟ್‌ನಲ್ಲಿ ಇರುವುದು ವೋಲ್ಟೇಜ್. ಕರೆಂಟ್ ಹರಿಯುವುದು ಲೋಡ್ ಹಾಕಿದ ಮೇಲೆ. 10 ಆಂಪ್ ತೂತಿನ ಹಿಂದೆ ಇರುವುದು ಒಂದು ದಪ್ಪ ತಂತಿಯ ತುಂಡು, ಓಮ್ ಇಲ್ಲವೆಂದೇ ಹೇಳಬೇಕು. ನೀವು ಫೇಸ್ ಮತ್ತು ನ್ಯೂಟ್ರಲ್ ನಡುವೆ ಆ ತುಂಡನ್ನೇ ಇಟ್ಟಿರಿ. ದಾರಿಯ ವೈರಿನದೆಲ್ಲ ಸೇರಿ ಅರ್ಧ ಓಮ್ ಇದ್ದರೂ 230 ÷ 0.5 = 460 ಆಂಪ್. ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಕಣ್ಣು ಕೈ ಉಳಿದದ್ದು ದೊಡ್ಡದು.

ಮನೆಯ ಕರೆಂಟ್ ಅಳೆಯಲು ಕ್ಲ್ಯಾಂಪ್ ಮೀಟರ್ ಬಳಸಿ. ಅದರ ಬಾಯೊಳಗೆ ಒಂದೇ ಎಳೆ ಇರಬೇಕು. ಇಡೀ ವೈರನ್ನು ಹಿಡಿದರೆ ಹೋಗುವ ಕರೆಂಟನ್ನು ಬರುವ ಕರೆಂಟ್ ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಸಣ್ಣ ಕರೆಂಟ್ ಆದರೆ ಅದೇ ಎಳೆಯನ್ನು ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಓಮ್ ಅಳೆಯುವಾಗ ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡುವುದು ಒಳ್ಳೆಯ ರೂಢಿ. ಆಗ ಬರುವ 0.3 ಅಥವಾ 0.4 ಓಮ್ ಮೀಟರಿನ ವೈರಿನದು, ಅದನ್ನು ಕಳೆಯಬೇಕು.

ಪ್ರಶ್ನೆ: ಮನೆಯಿಂದ ಬಾವಿಗೆ 150 ಮೀಟರ್. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್, ಪ್ಲೇಟಿನಲ್ಲಿ 7 ಆಂಪ್ ಎಂದಿದೆ. 1.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆದಿದ್ದೇವೆ. ಬೋರ್ಡಿನಲ್ಲಿ 230 ಇದೆ. ಆದರೂ ಮೋಟರ್ ಗುಂಯ್ ಎನ್ನುತ್ತದೆ, ತಿರುಗಲು ಒದ್ದಾಡುತ್ತದೆ. ಎರಡು ಸಲ ರಿವೈಂಡಿಂಗ್ ಆಯಿತು.
— ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು

ಉತ್ತರ: ರಿವೈಂಡಿಂಗ್‌ಗೆ ಕೊಟ್ಟ ದುಡ್ಡು ಕೇಬಲ್‌ಗೆ ಹೋಗಬೇಕಿತ್ತು. 1.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ತಾಮ್ರದ ರೆಸಿಸ್ಟೆನ್ಸ್ ಕಿಲೋಮೀಟರಿಗೆ 13.3 ಓಮ್. ದೂರ 150 ಮೀಟರ್ ಆದರೂ ಕರೆಂಟ್ ಹೋಗಿ ಬರುವ ದಾರಿ 300 ಮೀಟರ್. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಇಲ್ಲೇ. 13.3 × 0.3 = 4 ಓಮ್. ಮೋಟರ್ ಓಡುವಾಗ 7 × 4 = 28 ವೋಲ್ಟ್ ಕೇಬಲ್ ನುಂಗುತ್ತದೆ, ಬಾವಿ ತಲುಪುವುದು 202. 7 × 7 × 4 = 196 ವ್ಯಾಟ್ ಮಣ್ಣು ಬಿಸಿ ಮಾಡಲು ಹೋಗುತ್ತದೆ. ಪವರ್ ಫ್ಯಾಕ್ಟರ್ ಹಿಡಿದರೆ ವೋಲ್ಟೇಜ್ ಇಳಿತ ಸ್ವಲ್ಪ ಕಡಿಮೆ, ಆದರೆ ಕೇಬಲ್ ಆರಿಸಲು ಈ ನೇರ ಗುಣಾಕಾರವೇ ಸಾಕು, ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುತ್ತದೆ.

ಗುಂಯ್ ಎನ್ನುವುದಕ್ಕೆ ಕಾರಣ ಸ್ಟಾರ್ಟ್ ಆಗುವ ಗಳಿಗೆ. ನಿಂತ ಮೋಟರ್ ಓಡುವ ಮೋಟರಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಪೂರ್ತಿ 230ರಲ್ಲಿ 30 ಆಂಪ್ ಎಳೆಯುವಂಥದ್ದು ಎಂದಿಟ್ಟುಕೊಂಡರೆ ಆ ಕ್ಷಣಕ್ಕೆ ಮೋಟರ್ ಸುಮಾರು 7.7 ಓಮ್‌ನಂತೆ ವರ್ತಿಸುತ್ತದೆ. ಅದರ ಜೊತೆ ಕೇಬಲ್‌ನ 4 ಓಮ್ ಸೇರಿತು. ಮೋಟರ್ ಪಾಲಿಗೆ ಬರುವುದು 230 × 7.7 ÷ 11.7 = 151 ವೋಲ್ಟ್. ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಉಳಿಯುವುದು ಶೇ. 43. ಪಂಪು ಅಲ್ಲಾಡದೆ ನಿಲ್ಲುತ್ತದೆ, ವೈಂಡಿಂಗ್ 20 ಆಂಪ್ ಹೊತ್ತು ಕುದಿಯುತ್ತದೆ. ಎರಡು ಮೂರು ಸಲ ಹೀಗಾದರೆ ವೈಂಡಿಂಗ್ ಮೇಲಿನ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ.

4 ಸ್ಕ್ವೇರ್ ಎಂಎಂ ಹಾಕಿದರೆ ಕಿಲೋಮೀಟರಿಗೆ 4.95 ಓಮ್, 300 ಮೀಟರಿಗೆ ಒಂದೂವರೆ ಓಮ್. ಓಡುವಾಗ 10.4 ವೋಲ್ಟ್ ಇಳಿತ, ಶೇ. 5ರೊಳಗೆ. ಸ್ಟಾರ್ಟಿಂಗ್ ಬಲ ಶೇ. 70. 6 ಸ್ಕ್ವೇರ್ ಎಂಎಂಗೆ ಕಿಲೋಮೀಟರಿಗೆ 3.3 ಓಮ್, ಇಳಿತ 7 ವೋಲ್ಟ್, ಬಲ ಶೇ. 78. ಬೋರ್ಡಿನಲ್ಲಿ ಸದಾ 230 ಇರುವುದಾದರೆ 4 ಸಾಕು. ಸಂಜೆ ಹೊತ್ತು 200ಕ್ಕೆ ಇಳಿಯುವ ಊರಾದರೆ 6 ಹಾಕುವುದೇ ಲೇಸು. ಅಲ್ಯೂಮಿನಿಯಂ ಅಗ್ಗವೆಂದು ತರುವುದಾದರೆ ಅದೇ ದಪ್ಪಕ್ಕೆ ತಾಮ್ರದ ಸುಮಾರು 1.6 ಪಟ್ಟು ರೆಸಿಸ್ಟೆನ್ಸ್ ಎಂಬುದು ನೆನಪಿರಲಿ. 6ರ ತಾಮ್ರದ ಜಾಗಕ್ಕೆ 10ರ ಅಲ್ಯೂಮಿನಿಯಂ ಬೇಕು. ತಾಮ್ರಕ್ಕೆ ಅಲ್ಯೂಮಿನಿಯಂ ನೇರ ಹುರಿ ಹಾಕಿ ಟೇಪ್ ಸುತ್ತಬೇಡಿ, ಬೈಮೆಟಲ್ ಲಗ್ (ಒಂದು ಕಡೆ ತಾಮ್ರ, ಇನ್ನೊಂದು ಕಡೆ ಅಲ್ಯೂಮಿನಿಯಂ ಇರುವ ಜೋಡಣೆ ತುಂಡು) ಹಾಕಿಸಿ. ಆಕ್ಸೈಡ್ ಕಟ್ಟಿ ಆ ಜಾಯಿಂಟ್ 0.3 ಓಮ್ ಆದರೂ 7 ಆಂಪ್‌ಗೆ 15 ವ್ಯಾಟ್. ಕೇಳಲು ಸಣ್ಣ ಅಂಕಿ. ಹೆಬ್ಬೆರಳಷ್ಟು ಜಾಗದಲ್ಲಿ, ಮೇಲೆ ಟೇಪ್ ಸುತ್ತಿ, ದಿನಾ ಮೂರು ಗಂಟೆ 15 ವ್ಯಾಟ್ ಉರಿದರೆ ಟೇಪ್ ಮೊದಲು ಅಂಟುಬಿಟ್ಟು ಜಾರುತ್ತದೆ, ಮತ್ತೆ ಒಳಗಿನ ಪಿವಿಸಿ ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಅಂಥ ಜಾಯಿಂಟ್ ಇದೆಯೋ ತಿಳಿಯಲು, ಮೋಟರ್ ಓಡುತ್ತಿರುವಾಗ ಬೋರ್ಡಿನಲ್ಲೂ ಮೋಟರ್ ಟರ್ಮಿನಲ್‌ನಲ್ಲೂ ವೋಲ್ಟೇಜ್ ಅಳೆಸಿ. ವ್ಯತ್ಯಾಸ ಮೇಲಿನ ಲೆಕ್ಕಕ್ಕಿಂತ ಹೆಚ್ಚಿದ್ದರೆ ಕೇಬಲ್ ಅಲ್ಲ, ಜಾಯಿಂಟ್ ಹುಡುಕಿ.

ಒಂದು ಎಚ್ಚರಿಕೆ: ಸ್ಟಾರ್ಟಿಂಗ್ ಕಂಡೆನ್ಸರ್ ಸತ್ತಿದ್ದರೂ ಮೋಟರ್ ಹೀಗೇ ಗುಂಯ್ ಎನ್ನುತ್ತದೆ. ಸಾವಿರಾರು ರೂಪಾಯಿಯ ಕೇಬಲ್ ಎಳೆಯುವ ಮುನ್ನ ಅದೇ ಅಂಕಿ ಬರೆದ ಹೊಸ ಕಂಡೆನ್ಸರ್ ಒಂದನ್ನು ಬದಲಿಸಿ ನೋಡಿ, ಪಂಪಿನ ಗ್ಲ್ಯಾಂಡ್ ಹುರಿ (ನೀರು ಸೋರದಂತೆ ಶಾಫ್ಟಿನ ಸುತ್ತ ತುರುಕಿದ ಹಗ್ಗ) ತೀರ ಬಿಗಿಯಾಗಿದೆಯೇ ಎಂದು ಕೈಯಲ್ಲಿ ತಿರುಗಿಸಿಯೂ ನೋಡಿ.

ಪ್ರಶ್ನೆ: ರೋಧ (ರೆಸಿಸ್ಟೆನ್ಸ್) ಕಡಿಮೆಯಾದರೆ ಸಾಮರ್ಥ್ಯ (ವ್ಯಾಟ್) ಹೆಚ್ಚು ಎಂದು ಒಂದು ಸೂತ್ರ, ರೋಧ ಹೆಚ್ಚಾದರೆ ಸಾಮರ್ಥ್ಯ ಹೆಚ್ಚು ಎಂದು ಇನ್ನೊಂದು. ಯಾವುದು ಸರಿ? ಹೈ ಟೆನ್ಷನ್ ಲೈನಿನಲ್ಲಿ ವೋಲ್ಟ್ ಜಾಸ್ತಿ ಮಾಡಿದರೆ ನಷ್ಟ ಕಡಿಮೆ ಎನ್ನುತ್ತಾರಲ್ಲ, ವೋಲ್ಟ್ × ವೋಲ್ಟ್ ÷ ಓಮ್ ಪ್ರಕಾರ ನಷ್ಟ ಹೆಚ್ಚಾಗಬೇಕಲ್ಲವೇ?
— ಸಿಂಧನೂರಿನ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿನಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಎರಡೂ ಸರಿ. ಯಾವುದು ಬದಲಾಗದೆ ನಿಂತಿದೆ ಎಂದು ಮೊದಲು ನೋಡು. ಸಮಾಂತರ ಜೋಡಣೆಯಲ್ಲಿ ಎಲ್ಲಕ್ಕೂ ಒಂದೇ ವಿಭವಾಂತರ (ವೋಲ್ಟೇಜ್), ಆದ್ದರಿಂದ ರೋಧ ಕಡಿಮೆ ಇರುವುದು ಹೆಚ್ಚು ಉರಿಯುತ್ತದೆ. ಸರಣಿಯಲ್ಲಿ ಎಲ್ಲದರಲ್ಲೂ ಒಂದೇ ಪ್ರವಾಹ (ಕರೆಂಟ್), ಅಲ್ಲಿ ರೋಧ ಹೆಚ್ಚಿರುವುದು ಹೆಚ್ಚು ಉರಿಯುತ್ತದೆ. 40 ವ್ಯಾಟ್ ಮತ್ತು 100 ವ್ಯಾಟ್‌ನ ಹಳೆಯ ತಂತಿ ಬಲ್ಬುಗಳನ್ನು ಸರಣಿಯಲ್ಲಿ 230 ವೋಲ್ಟಿಗೆ ಜೋಡಿಸಿದೆವು ಎನ್ನು. ಮೊದಲನೆಯದು 1322 ಓಮ್, ಎರಡನೆಯದು 529 ಓಮ್, ಒಟ್ಟು 1851. ಪ್ರವಾಹ 0.124 ಆಂಪ್. 40ರ ಬಲ್ಬಿಗೆ ಸುಮಾರು 20 ವ್ಯಾಟ್, 100ರ ಬಲ್ಬಿಗೆ 8. ಪರೀಕ್ಷೆಗೆ ಈ ಉತ್ತರ ಬರೆ. ನಿಜವಾಗಿ ಮಾಡಿ ನೋಡಿದರೆ ಅಂಕಿ ಬೇರೆ ಬರುತ್ತದೆ, ಏಕೆಂದರೆ ಟಂಗ್‌ಸ್ಟನ್ ತಂತಿಯ ರೋಧ ಬಿಸಿಯೊಂದಿಗೆ ವಿಪರೀತ ಏರುತ್ತದೆ. 529 ಓಮ್ ಎಂಬುದು ಪೂರ್ತಿ ಉರಿಯುವಾಗಿನದು. ಅದೇ ಬಲ್ಬನ್ನು ತಣ್ಣಗಿರುವಾಗ ಅಳೆದರೆ 40 ಓಮ್ ಆಸುಪಾಸಿನಲ್ಲಿರುತ್ತದೆ.

ಲೈನಿನ ವಿಷಯದಲ್ಲಿ ನೀನು ಹಾಕಿದ ವೋಲ್ಟ್ ತಪ್ಪು. ತಂತಿಯ ನಷ್ಟಕ್ಕೆ ತಂತಿಯ ಈ ತುದಿಯಿಂದ ಆ ತುದಿಗೆ ಬೀಳುವ ವೋಲ್ಟನ್ನೇ ಹಾಕಬೇಕು, ಲೈನಿನ ವೋಲ್ಟನ್ನಲ್ಲ. 1 ಓಮ್ ತಂತಿಯಲ್ಲಿ 10,000 ವ್ಯಾಟ್ ಕಳಿಸಬೇಕಿದೆ. 230 ವೋಲ್ಟಿನಲ್ಲಿ 43.5 ಆಂಪ್, ನಷ್ಟ 43.5 × 43.5 × 1 = 1890 ವ್ಯಾಟ್. 11,000 ವೋಲ್ಟಿನಲ್ಲಿ 0.91 ಆಂಪ್, ನಷ್ಟ ಒಂದು ವ್ಯಾಟ್ ಕೂಡ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್ ಚಿನ್ನದ ಗಣಿಗೆ ವಿದ್ಯುತ್ ಮುಟ್ಟಿದ್ದು ಈ ಗುಣಾಕಾರದ ಬಲದಿಂದಲೇ.

ಪ್ರಶ್ನೆ: ಆಟೋದ 12 ವೋಲ್ಟ್ ಬ್ಯಾಟರಿಗೆ ಮೂರು ಮೂರು ಬಿಳಿ ಎಲ್‌ಇಡಿ ಸೀರೀಸ್ ಮಾಡಿ 120 ಓಮ್ ಹಾಕುತ್ತೇನೆ. ಟೇಬಲ್ ಮೇಲೆ ಚೆನ್ನಾಗಿ ಉರಿಯುತ್ತವೆ, ಗಾಡಿಯಲ್ಲಿ ತಿಂಗಳೊಳಗೆ ಕಪ್ಪಾಗುತ್ತವೆ.
— ದಾವಣಗೆರೆಯ ಮೆಕ್ಯಾನಿಕ್

ಉತ್ತರ: ನಿಮ್ಮ ಲೆಕ್ಕ 12 ವೋಲ್ಟಿಗೆ ಸರಿ: ಒಂದು ಎಲ್‌ಇಡಿಗೆ 3.2ರಂತೆ ಮೂರಕ್ಕೆ 9.6, ಉಳಿದ 2.4 ವೋಲ್ಟ್ ÷ 120 = 20 ಮಿಲಿ ಆಂಪ್. ಆದರೆ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 14.4 ಇರುತ್ತದೆ. ಎಲ್‌ಇಡಿ ತನ್ನ 3.2ಕ್ಕಿಂತ ಹೆಚ್ಚೇನೂ ಹೊರುವುದಿಲ್ಲ, ಏರಿದ 2.4 ವೋಲ್ಟ್ ಪೂರ್ತಿ ರೆಸಿಸ್ಟರ್ ತಲೆಗೆ ಬೀಳುತ್ತದೆ. ಅಲ್ಲಿ 4.8 ÷ 120 = 40 ಮಿಲಿ ಆಂಪ್, ಸರೀ ಎರಡು ಪಟ್ಟು. ರೆಸಿಸ್ಟರ್ ಪಾಲಿಗೆ ಕಡಿಮೆ ವೋಲ್ಟ್ ಬಿಟ್ಟಷ್ಟೂ ಈ ಏರಿಳಿತ ಕಾಡುತ್ತದೆ. ಎರಡೇ ಎಲ್‌ಇಡಿ ಸೀರೀಸ್ ಮಾಡಿ 330 ಓಮ್ ಹಾಕಿ: 12ರಲ್ಲಿ 17 ಮಿಲಿ ಆಂಪ್, 14.4ರಲ್ಲಿ 24. ಇನ್ನೂ ಹಿಡಿತ ಬೇಕೆಂದರೆ 390 ಓಮ್, ಆಗ 14.4ರಲ್ಲೂ 20.5 ದಾಟುವುದಿಲ್ಲ. ರೆಸಿಸ್ಟರಿನ ಬಿಸಿ 8 × 8 ÷ 390 = 0.16 ವ್ಯಾಟ್. ಕಾಲು ವ್ಯಾಟಿನದು ನಡೆಯುತ್ತದೆ, ಮುಚ್ಚಿದ ಪ್ಲಾಸ್ಟಿಕ್ ಡೂಮಿನೊಳಗಾದರೆ ಅರ್ಧ ವ್ಯಾಟಿನದು ಹಾಕಿ.

ಪ್ರಶ್ನೆ: ಊರಿಂದ ತಂದ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ಇಲ್ಲಿ ಬರೀ ಬೆಚ್ಚಗಾಗುತ್ತದೆ. ಇಲ್ಲಿನ 500 ವ್ಯಾಟ್ ರೈಸ್ ಕುಕ್ಕರ್ ಮೈಸೂರಿನಲ್ಲಿರುವ ಅಮ್ಮನಿಗೆ ಕಳಿಸಬಹುದೇ?
— ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಪೆಟ್ಟಿಗೆ 52.9 ಓಮ್. 120 ವೋಲ್ಟಿನಲ್ಲಿ 120 × 120 ÷ 52.9 = 272 ವ್ಯಾಟ್, ಕಾಲುಭಾಗಕ್ಕಿಂತ ತುಸು ಮೇಲೆ. ಹಾಳಾಗುವುದಿಲ್ಲ, ಸುಕ್ಕೂ ಹೋಗುವುದಿಲ್ಲ. ಕುಕ್ಕರ್ ಮಾತ್ರ ಹಾಗೇ ಕಳಿಸಬೇಡಿ. ಅದು 28.8 ಓಮ್, ಮೈಸೂರಿನ 230ಕ್ಕೆ ಹಾಕಿದರೆ 1837 ವ್ಯಾಟ್. ಅಕ್ಕಿ ಬೇಯುವ ಮೊದಲು ಎಲಿಮೆಂಟ್ ಬೇಯುತ್ತದೆ. ಕೆಳಗಿನ ಲೇಬಲ್‌ನಲ್ಲಿ 100–240 ವೋಲ್ಟ್ ಎಂದು ಇದ್ದರೆ ಮಾತ್ರ ಸರಿ, ಬಿಸಿ ಮಾಡುವ ಸಾಮಾನುಗಳಲ್ಲಿ ಅದು ಅಪರೂಪ.

ಪ್ರಶ್ನೆ: 2000 ವ್ಯಾಟ್ ಗೀಸರ್ ಆನ್ ಮಾಡಿದ ಐದು ನಿಮಿಷಕ್ಕೆ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದೆ. ಎಲಿಮೆಂಟ್ 26 ಓಮ್ ಇದೆ, ಎಲಿಮೆಂಟ್‌ಗೂ ಬಾಡಿಗೂ ನಡುವೆ ಮೀಟರ್ ಏನೂ ತೋರಿಸುವುದಿಲ್ಲ. ಆರ್‌ಸಿಸಿಬಿಯೇ ಕೆಟ್ಟಿದೆ, ನೇರ ಕೊಟ್ಟುಬಿಡೋಣ ಎನ್ನುತ್ತಾರೆ.
— ಬೆಂಗಳೂರಿನ ಓದುಗರು

ಉತ್ತರ: ನೇರ ಕೊಡಲು ಬಿಡಬೇಡಿ. 26 ಓಮ್ ಸರಿಯಾದ ಅಂಕಿಯೇ, 230 × 230 ÷ 2000 = 26.45. ಆದರೆ ಅದು ಸೋರಿಕೆಯ ಬಗ್ಗೆ ಏನೂ ಹೇಳುವುದಿಲ್ಲ. ಸೋರಿಕೆ ಇದೆಯೇ ಎಂದು ನೀವು ನೋಡಿದ್ದು ಮಲ್ಟಿಮೀಟರ್‌ನ ಕೆಲವೇ ವೋಲ್ಟಿನಲ್ಲಿ, ಅದೂ ಎಲಿಮೆಂಟ್ ತಣ್ಣಗಿದ್ದಾಗ. ಎಲಿಮೆಂಟಿನ ಹೊರಗಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಒಳಗಿನ ಬಿಳಿ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿಕೊಳ್ಳುತ್ತದೆ. ಎಲಿಮೆಂಟ್ ಕಾದು ಹಿಗ್ಗಿದಾಗ, 230 ವೋಲ್ಟ್ ಬಿದ್ದಾಗ ಅದು ಸೋರತೊಡಗುತ್ತದೆ. ಇನ್ಸುಲೇಶನ್ 10,000 ಓಮ್‌ಗೆ ಇಳಿದರೆ ಸೋರುವುದು 230 ÷ 10,000 = 23 ಮಿಲಿ ಆಂಪ್. 30 ಮಿಲಿ ಆಂಪ್‌ನ ಆರ್‌ಸಿಸಿಬಿ 15ರ ಮೇಲೆ ಯಾವಾಗ ಬೇಕಾದರೂ ಬೀಳಬಹುದು, 30ಕ್ಕೆ ಬೀಳಲೇಬೇಕು. ಅದು ತನ್ನ ಕೆಲಸ ಮಾಡುತ್ತಿದೆ.

500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಮೇನ್ ಆಫ್ ಮಾಡಿ, ಎಲಿಮೆಂಟಿನ ಎರಡೂ ವೈರು ಬಿಚ್ಚಿ, ಟರ್ಮಿನಲ್ ಮತ್ತು ಬಾಡಿ ನಡುವೆ ಅಳೆಯಬೇಕು. ಬಿಸಿಯಾದ ಕೂಡಲೇ ಅಳೆದರೆ ಒಳ್ಳೆಯದು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಎಲಿಮೆಂಟ್ ಬದಲಿಸಿ. ಚೆನ್ನಾಗಿ ಬಂದರೆ ಥರ್ಮೋಸ್ಟಾಟ್ ಮತ್ತು ಇಂಡಿಕೇಟರ್ ದೀಪದ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಅಳೆಸಿ. ಗ್ಯಾಸ್ಕೆಟ್ ಸೋರಿ ಟರ್ಮಿನಲ್ ಮೇಲೆ ನೀರು ತೊಟ್ಟಿಕ್ಕಿರುವುದೂ ಉಂಟು, ಹಸಿರು ಕಿಲುಬು ಕಂಡರೆ ಅದೇ. ಹೊಸ ಎಲಿಮೆಂಟ್ ಹಾಕಿದ ಮೇಲೆ ಟ್ಯಾಂಕ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದ ನಂತರವೇ ಆನ್ ಮಾಡಿ. ಖಾಲಿ ಟ್ಯಾಂಕಿನಲ್ಲಿ 2000 ವ್ಯಾಟ್ ಕೊಟ್ಟರೆ ಹೊಸ ಕೊಳವೆಯೂ ಒಂದೆರಡು ನಿಮಿಷದಲ್ಲಿ ಬಿರಿಯುತ್ತದೆ.